ಎದೆಗೆ ಒಂದೇ ಸಲದ ಮದ್ದು

ಹೆಗಲಿಗೆ ಬ್ಯಾಗು ಹಾಕಿಕೊಂಡೇ ಎಂತ ಕತೆ ಕೇಳ್ತೀಯ? ಕೂರು ಸಂಹಿತಾ, ಗೋಡೆಗೆ ಒರಗಿ ಕೂರು. ನಿನ್ನ ಅಜ್ಜಿ ಹೇಳಿದ್ದು ಪೂರ್ತಿ ಕೇಳಿ ಎದ್ದರಾಯ್ತು... ಹೌದು, ಮಧುಕೇಶ್ವರನದ್ದೇ. ನನ್ನ ಖಾಸಾ ತಮ್ಮ. ಅವನಿಗಿಂತ ದೊಡ್ಡ ದಡ್ಡ ಸಿದ್ದಾಪುರ ಸೀಮೆಯಲ್ಲಿ ಸಿಕ್ಕಿದರೆ ಹೇಳು.

ಹೋದ ವರ್ಷ ಎದೆ ಹಿಡಿಯಿತಲ್ಲ, ಹುಬ್ಬಳ್ಳಿಯಲ್ಲಿ ಸ್ಟೆಂಟ್ ಕೂರಿಸಿದರು. ಬಾಲ್‌ಪೆನ್ನಿನ ಸ್ಪ್ರಿಂಗಿನ ಹಾಗೆ ಸಣ್ಣ ಜಾಲರಿ. ಡಾಕ್ಟರು ಪಾಪ ಬಿಡಿಸಿ ಹೇಳಿದರಂತೆ: ಅದರ ಮೈಗೆ ಅಂಟಿನಲ್ಲಿ ಕಲಸಿದ ಮದ್ದು ಸವರಿದೆ, ಚೂರು ಚೂರೇ ಬಿಡ್ತದೆ, ಹೃದಯದ ರಕ್ತನಾಳ ಮತ್ತೆ ಕಟ್ಟದ ಹಾಗೆ ನೋಡಿಕೊಳ್ತದೆ. ಆದರೆ ರಕ್ತ ಹೆಪ್ಪುಗಟ್ಟದಿರಲಿಕ್ಕೆ ಮಾತ್ರೆ ಬೇಕೇ ಬೇಕು.

ಇವನ ತಲೆಗೆ ಹೊಕ್ಕಿದ್ದು ಮೊದಲಿನರ್ಧ. ಮಳೆಗೆ ತೊಳೆದು ಹೋಗಬಾರದು ಅಂತ ಅಡಿಕೆಗೆ ಕೊಳೆರೋಗ ಬಾರದ ಹಾಗೆ ಹೊಡೆಯುವ ಮದ್ದಿಗೆ ರಾಳದ ಅಂಟು ಸೇರಿಸ್ತೇವಲ್ಲ, ಇದೂ ಅದೇ ಅಂದ. ಬಂದವರಿಗೆಲ್ಲ ಅಂಗಿ ಬಿಚ್ಚಿ ಎದೆ ತೋರಿಸುವುದು... ಅಲ್ಲಿ ಎಂತ ಕಾಣ್ತದೆ, ನರೆತ ರೋಮ. ಎಂತಕ್ಕೆ ನಗ್ತೀಯ? ನಗುವ ಕತೆ ಅಲ್ಲ. "ಮದ್ದು ಒಳಗೇ ಅಂಟಿ ಕೂತಿದೆ, ಮೇಲಿಂದ ಮಾತ್ರೆ ಎಂತಕ್ಕೆ?" ಅಂತ ಬಿಟ್ಟೇಬಿಟ್ಟ. ನಡು ಮಳೆಗಾಲದಲ್ಲಿ ತೋಟಕ್ಕೆ ಎರಡನೇ ಸಲ ಮದ್ದು ಹೊಡೆಸದಿದ್ದರೆ ನಿದ್ದೆ ಬಾರದವನು, ಎದೆಗೆ ಒಂದೇ ಸಲ ಸಾಕು ಅಂದ! ಹೆಂಡತಿ ಜಯಾ ಮಾತ್ರೆ ತಂದು ಮುಂದಿಟ್ಟರೆ ಅವಳಿಗೇ ಗದರಿದ. ಶ್ರಾವಣ ಕಳೆಯುವುದರೊಳಗೆ ಜಾಲರಿಯಲ್ಲೇ ರಕ್ತ ಹೆಪ್ಪುಗಟ್ಟಿ, ಮತ್ತೆ ಹುಬ್ಬಳ್ಳಿ. ಅರ್ಧ ಜೀವ ಹೊತ್ತು ಬಂದ.

ಅದಕ್ಕೇ ನಾ ಹೇಳುವುದು, ಆ ಜಾಲರಿಯ ಸಹವಾಸವೇ... ಎಂತ ನೋಡ್ತೀಯ? ಎಡಗೈ ತಿಕ್ಕಿಕೊಳ್ಳಬಾರದ? ಕಾಯಿ ತುರಿದ ನೋವು.

ಹ್ಞಾಂ, ಕಾಯಿ ತುರಿಯುವುದು ಬಲಗೈಯಲ್ಲಿ. ಗೊತ್ತು ನಂಗೆ.

ಫೋನು ಎಂತಕ್ಕೆ ತೆಗೀತೀಯ ಕೂಸೆ? ಕೆಳಗಿಡು, ನಾನೇ ಹೇಳ್ತೇನೆ... ಸರಿ. ಸರಿ ಮಾರಾಯ್ತಿ. ಡಾಕ್ಟರು ನನಗೂ ಜಾಲರಿ ಕೂರಿಸಬೇಕು ಅಂದಿದ್ದಾರೆ, ತಡಮಾಡಬೇಡಿ ಅಂದಿದ್ದಾರೆ. ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ತಮ್ಮನನ್ನ ಆಡಿಕೊಳ್ತಾ ಇದ್ದರೆ ಹೆದರಿಕೆ ಅಷ್ಟು ಹೊತ್ತು ದೂರ ಇರ್ತದೆ.

ಅಳಬೇಡ. ಕತೆ ಮುಗಿಸ್ತೇನೆ, ಕೇಳು. ಮಧುಕೇಶ್ವರ ಈಗ ಇಸಳೂರಲ್ಲಿ ಮಗಳ ಮನೆಯಲ್ಲಿದ್ದಾನೆ, ಮಾತ್ರೆ ನುಂಗಿದ ಮೇಲೇ ಅವನಿಗೆ ಚಾ. ಜಯಾ ಗಂಡನಿಗೆ ಹೆದರುವುದು ಬಿಟ್ಟಳು, ಈಗ ಅವನೇ ಅವಳಿಗೆ ಹೆದರ್ತಾನೆ. ಆ ಡಾಕ್ಟರು ಈಗ ಅಡಿಕೆ ತೋಟದವರು ಬಂದರೆ ಅಂಟಿನ ಸುದ್ದಿಯನ್ನೇ ಎತ್ತುವುದಿಲ್ಲವಂತೆ, ಮೊದಲು ಮಾತ್ರೆಯ ಮಾತು. ನಾನೋ... ನಿನ್ನ ಕೈ ಹಿಡಿದು ನಾಳೆ ಹುಬ್ಬಳ್ಳಿ ಬಸ್ಸು ಹತ್ತುವವಳು.