ಹಿಂದಿನ ಸೀಟಿನ ಎಡಗಡೆ

ಮೊದಲು ಬಾಗಿಲ ಚಿಲಕ ಹಾಕಿ ಬನ್ನಿ, ಆಮೇಲೆ ಹೇಳುತ್ತೇನೆ. ಇದು ಎಲ್ಲೋ ಕೇಳಿದ್ದಲ್ಲ. ಪುಣೆಯ ಕಾತ್ರಜದಲ್ಲಿ ನಮ್ಮ ಎದುರು ಮನೆಯ ಪಂಢರಿನಾಥನಿಗೆ ಆದದ್ದು. ಬೆಳಗಾವಿ ಕಡೆಯವನು, ಇಲ್ಲೊಂದು ಅಂಗಡಿಯಲ್ಲಿ ಕನ್ನಡಕದ ನಂಬರು ನೋಡುವ ಕೆಲಸ. ಹೆಂಡತಿ ಹರ್ಷದಾ, ಎರಡನೇ ಇಯತ್ತೆ ಓದುವ ಮಗಳು ಸಾಯಲಿ, ಮತ್ತೆ ಒಂದು ಹಳೇ ಕೆಂಪು ಕಾರು. ಆ ಕಾರು ಮಾರು ಅಂದವರ ಜೊತೆ ಅವನು ವಾರಗಟ್ಟಲೆ ಮಾತು ಬಿಡುತ್ತಿದ್ದ.

ಒಂದು ರಾತ್ರಿ ಸಾತಾರಾ ಕಡೆಯಿಂದ ಒಬ್ಬನೇ ಬರುತ್ತಿದ್ದ. ಸುರಂಗದ ದಾರಿ ಬಿಟ್ಟು ಹಳೇ ಘಾಟು ಹಿಡಿದ. ತಿರುವಿನಲ್ಲಿ ಒಂದು ಆಲದ ಮರ, ಅದರಡಿ ಕಟ್ಟೆ ಒಡೆದ ಬಾವಿ. ಬಾವಿಯ ಪಕ್ಕ ಒಬ್ಬ ಮುದುಕಿ, ತಲೆ ಮೇಲೆ ಸೆರಗು ಹೊದ್ದು ನಿಂತಿದ್ದಳು. ಬೇರೆಯವರಾಗಿದ್ದರೆ ಗಾಜು ಏರಿಸಿ ಹೋಗುತ್ತಿದ್ದರು. ನಮ್ಮ ಕಡೆಯ ಮಂದಿಗೆ ಅದು ಆಗುವುದಿಲ್ಲ, ನಿಂತವರನ್ನು ಕಂಡರೆ ಕೂಡ್ರಿ ಅನ್ನಲೇಬೇಕು. ಇವನು ಇಳಿದು ಹಿಂದಿನ ಎಡ ಬಾಗಿಲು ತೆಗೆದ.

“ಬರ್ರಿ ಅಜ್ಜಿ, ಕೂಡ್ರಿ. ಊರತನಕ ಬಿಡ್ತೀನಿ.”

ತಲೆ ಎತ್ತಿ ನೋಡಿದರೆ… ಬಾವಿಯ ಹತ್ತಿರ ಯಾರೂ ಇಲ್ಲ. ದಣಿವಿಗೆ ಏನೋ ಕಂಡಿರಬೇಕು ಅಂದುಕೊಂಡ. ಬಾಗಿಲು ಮುಚ್ಚಿಕೊಂಡು ಮನೆಗೆ ಬಂದ.

ಅಲ್ಲಿಂದ ಶುರುವಾಯಿತು. ಚೆನ್ನಾಗಿ ಓಡುತ್ತಿದ್ದ ಕಾರು ನಡುರಸ್ತೆಯಲ್ಲಿ ಒಮ್ಮೆಲೇ ಬಂದ್. ಕೆಮ್ಮುವುದಿಲ್ಲ, ಜಗ್ಗುವುದಿಲ್ಲ. ದೀಪ ಉರಿಯುತ್ತಿದೆ, ಹಾರ್ನ್ ಕೂಗುತ್ತಿದೆ, ಇಂಜಿನ್ ಮಾತ್ರ ಸತ್ತಿದೆ. ಒಂದು ಮುಂಜಾನೆ ಹರ್ಷದಾ ಮಗಳನ್ನು ಶಾಲೆಗೆ ಬಿಡಲು ಹೊರಟಾಗ ಹೈವೇ ಮೇಲೆ ಹಾಗೇ ನಿಂತಿತು. ಹಿಂದಿದ್ದ ಟ್ರಕ್ಕು ಕೀಈಈಚ್ ಎಂದು ಬ್ರೇಕು ಹಾಕಿ, ಸಾಯಲಿಯ ತಲೆಯ ಹಿಂದೆ ಒಂದು ಮೊಳ ದೂರದಲ್ಲಿ ನಿಂತಿತು.

ಗ್ಯಾರೇಜಿನ ದೇವಾನಂದ ಪೆಟ್ರೋಲು ಸೋಸುವ ಜಾಳಿಗೆ ಬದಲಿಸಿದ, ಪ್ಲಗ್ ಬದಲಿಸಿದ, ಬ್ಯಾಟರಿಯ ತಂತಿ ಬಿಗಿ ಮಾಡಿದ. ದಿನವಿಡೀ ತಾನೇ ಓಡಿಸಿ ನೋಡಿದ. ಒಮ್ಮೆಯೂ ನಿಲ್ಲಲಿಲ್ಲ. “ಗಾಡಿ ಏಕದಮ್ ಠೀಕ್ ಆಹೇ, ಸಾಹೇಬ್” ಎಂದು ಚಾವಿ ಕೊಟ್ಟುಬಿಟ್ಟ. ಮರುದಿನ ಸಾಯಲಿ ಹತ್ತಿದ್ದೇ ತಡ, ಮತ್ತೆ ನಿಂತಿತು.

ರವಿವಾರ ಸಂಜೆ ಪಂಢರಿನಾಥ ತಾನೇ ಪತ್ತೆ ಮಾಡಲು ಕೂತ. ಹರ್ಷದಾಗೆ ಚಾವಿ ತಿರುಗಿಸಲು ಹೇಳಿ, ತಾನು ಹಿಂದಿನ ಸೀಟಿಗೆ ಕಿವಿ ಹಚ್ಚಿದ. ಟಕ್… ಆಮೇಲೆ ಝುಂಂಂ. ಸೀಟಿನ ಕೆಳಗಿರುವ ಪಂಪು ಇಂಜಿನ್ನಿಗೆ ಪೆಟ್ರೋಲು ಒತ್ತುವ ಸದ್ದು ಅದು. ಇಂಜಿನ್ ಹಚ್ಚಿಸಿ, ಸೀಟನ್ನು ಅಲ್ಲಲ್ಲಿ ಒತ್ತುತ್ತ ಬಂದ. ಬಲಕ್ಕೆ ಒತ್ತಿದ, ಏನೂ ಆಗಲಿಲ್ಲ. ಎಡಕ್ಕೆ ಒತ್ತಿದ. ಝುಂ ನಿಂತಿತು, ಇಂಜಿನ್ನೂ ನಿಂತಿತು.

ಸೀಟು ಎತ್ತಿ ನೋಡಿದರೆ ಪಂಪಿನ ತಂತಿಯ ಮೇಲಿನ ಹೊದಿಕೆ ಸವೆದು ಹೋಗಿದೆ. ಎಡಗಡೆ ಭಾರ ಬಿದ್ದರೆ ಸೀಟಿನ ಕಬ್ಬಿಣ ತಂತಿಗೆ ತಾಗುತ್ತದೆ, ಪಂಪು ಸಾಯುತ್ತದೆ. ಅಷ್ಟೇ. ಅವನಿಗೆ ಕುಣಿಯುವಷ್ಟು ಖುಷಿಯಾಯಿತು.

“ಸಿಕ್ತು ನೋಡು. ಎಡಕ್ಕ ಯಾರರ ಕುಂತ್ರ ಗಾಡಿ ಬಂದ್ ಆಗ್ತದ.”

ಹರ್ಷದಾ ನಗಲಿಲ್ಲ. ದನಿ ತಗ್ಗಿಸಿ ಕೇಳಿದಳು. “ಅಲ್ರಿ… ಸಾಯಲಿ ಬಲಕ್ಕ ಕೂಡ್ತಾಳ. ಎಡಕ್ಕ ಯಾರು ಕುಂತಿದ್ರು?”

ಆಗ ಅವನಿಗೆ ಆಲದ ಮರ ನೆನಪಾಯಿತು. ಎಲ್ಲ ಹೇಳಿದ. ಹೇಳಿ ಮುಗಿಸಿ, “ನಾಳೆ ಹೊಸಾ ವಾಯರ್ ಹಾಕಸ್ತೀನಿ, ಮುಗೀತು” ಎಂದ.

“ಬ್ಯಾಡ್ರಿ” ಎಂದಳು ಹರ್ಷದಾ. “ವಾಯರ್ ಹಾಕಿದ್ರ ಗಾಡಿ ನಿಲ್ಲಂಗಿಲ್ಲ. ಆಮ್ಯಾಲೆ… ನಮ್ಮ ಕೂಸಿನ ಬಾಜೂಕ ಆಕಿ ಕುಂತಾಳೋ ಇಲ್ಲೋ, ನಮಗ ಹೆಂಗ್ ಗೊತ್ತಾಗಬೇಕು?”

ಅದೇ ರಾತ್ರಿ ಸಾಯಲಿಯನ್ನು ನಮ್ಮ ಮನೆಯಲ್ಲಿ ಮಲಗಿಸಿ ಇಬ್ಬರೂ ಹೊರಟರು. ಮುಂದಿನದು ಆಮೇಲೆ ಅವನೇ ನನಗೆ ಹೇಳಿದ್ದು. ಆಲದ ಮರದ ಹತ್ತಿರ ಬರುತ್ತಿದ್ದಂತೆ ಇಂಜಿನ್ ನಿಂತಿತು. ಹರ್ಷದಾ ಚಾವಿ ತಿರುಗಿಸಿದಳು. ಟಕ್… ಝುಂ ಇಲ್ಲ. ಮತ್ತೆ ಟಕ್… ಇಲ್ಲ.

ಪಂಢರಿನಾಥ ಇಳಿದು ಹಿಂದಿನ ಎಡ ಬಾಗಿಲು ತೆಗೆದ. ಸೀಟಿನ ನಡುವೆ ಬಟ್ಟಲಿನಷ್ಟು ತಗ್ಗು ಬಿದ್ದಿತ್ತು. ಕೈ ಜೋಡಿಸಿದ.

“ಅಜ್ಜಿ… ನಿಮ್ಮ ಜಾಗ ಬಂತ್ರಿ. ಇಳೀರಿ.”

ಏನೂ ಇಲ್ಲ. ಬಾವಿಯೊಳಗೆ ಎಲ್ಲೋ ತಟ್… ತಟ್… ಎಂದು ನೀರು ತೊಟ್ಟಿಕ್ಕುತ್ತಿತ್ತು. ಆಮೇಲೆ ಸೀಟಿನ ಸ್ಪ್ರಿಂಗು ಕಿರ್ರ್ ಎಂದಿತು. ತಗ್ಗು ಮೆಲ್ಲಗೆ ಮೇಲೆದ್ದಿತು. ಒಣ ಎಲೆಗಳು ಚರ್, ಚರ್ ಎಂದು ಬಾವಿಯ ಕಡೆಗೆ ಹೋದವು. ಒಳಗೆ ಹರ್ಷದಾ ಚಾವಿ ತಿರುಗಿಸಿದಳು. ಟಕ್. ಝುಂಂಂ.

ಅವನ ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು. ನಮ್ಮಲ್ಲಿ ಹೊರಟು ನಿಂತವರಿಗೆ ‘ಹೋಗ್ರಿ’ ಅನ್ನಬಾರದು, ಹುಟ್ಟಿದಾಗಿನಿಂದ ಕಲಿಸಿದ್ದೇ ಅದು. ರೂಢಿಯ ಬಾಯಿ, ತಡೆಯಲಾಗಲಿಲ್ಲ.

“ಹೋಗಿ ಬರ್ರಿ, ಅಜ್ಜಿ.”

ಎಲೆಗಳ ಸದ್ದು ನಿಂತಿತು. ಹರ್ಷದಾ ಬಾಯಿಗೆ ಸೆರಗು ಒತ್ತಿಕೊಂಡಳು. ಅವನು ಬಾಗಿಲು ಹಾಕಿ ಹತ್ತಿದ ಕೂಡಲೇ ಗಾಡಿಯನ್ನು ಊರ ಕಡೆ ಓಡಿಸಿದಳು.

ಮರುದಿನ ಸರ್ವಿಸಿಗೆ ಬಿಟ್ಟ ಗಾಡಿಯ ಸೀಟು ಎತ್ತಿದ ದೇವಾನಂದ, ಸವೆದ ತಂತಿ ಕಂಡು ಯಾರನ್ನೂ ಕೇಳದೆ ಹೊಸದು ಹಾಕಿಬಿಟ್ಟ. ಆಮೇಲೆ ಕಾರು ಎಲ್ಲಿಯೂ ನಿಂತಿಲ್ಲ. ಕಾರು ಮಾರಲು ಈಗ ಪಂಢರಿನಾಥನೇ ತಯಾರು. ಬಂದವರು ಒಂದು ಸುತ್ತು ಓಡಿಸಿ ನೋಡುತ್ತಾರೆ, ಆಮೇಲೆ ಫೋನು ಎತ್ತುವುದಿಲ್ಲ.

ಹೋದ ತಿಂಗಳು ನಾನು ಸ್ಟೇಷನ್ನಿಗೆ ಹೋಗಬೇಕಿತ್ತು. ಬಿಡುತ್ತೇನೆ ಎಂದ. ಸಾಯಲಿ ಆಗಲೇ ಹಿಂದೆ, ಬಲಕ್ಕೆ ಕೂತಿದ್ದಳು. ನಾನು ಎಡ ಬಾಗಿಲು ತೆಗೆದೆ.

“ಕಾಕಾ, ನೀವು ಮುಂದ ಕೂಡ್ರಿ” ಎಂದಳು ಮೆಲ್ಲಗೆ.

ಅವಳ ಪಕ್ಕದ ಖಾಲಿ ಸೀಟಿಗೆ ಬೆಲ್ಟು ಹಾಕಿತ್ತು. ಮಕ್ಕಳಾಟ ಅಂದುಕೊಂಡೆ, ಬಿಚ್ಚಲು ಕೈ ಚಾಚಿದೆ. ಯಾರೂ ಇಲ್ಲದ ಸೀಟಿನ ಬೆಲ್ಟು ಸೀಟಿಗೆ ಅಂಟಿಕೊಂಡಿರಬೇಕಲ್ಲವೇ… ಇದು ಒಂದು ಗೇಣು ಮುಂದಕ್ಕೆ ಉಬ್ಬಿ ನಿಂತಿತ್ತು. ನಡೆದದ್ದು ಇದು, ಸುಳ್ಳು ಹೇಳಿ ನನಗೆ ಆಗಬೇಕಾದದ್ದೇನೂ ಇಲ್ಲ. ನಾನು ಬಾಗಿಲು ಮೆಲ್ಲಗೆ ಮುಚ್ಚಿ, ಮುಂದೆ ಹೋಗಿ ಕೂತೆ.