ತಾನೇ ರೇಸ್ ಹಿಡಿಯೋ ಟ್ಯಾಕ್ಸಿ

ಯಾಕ ನಗ್ತೀ, ಪರಪ್ಪಾ? ನೀ ಮೆಕ್ಯಾನಿಕ್ ಇದ್ದಿ ಅಂತ ಟ್ಯಾಕ್ಸಿ ತಂದು ನಿನ್ನ ಗ್ಯಾರೇಜಿನ್ಯಾಗ ನಿಲ್ಲಿಸೀನಿ, ನನ್ನ ಮಾರಿ ನೋಡಿ ನಗಲಿ ಅಂತಲ್ಲ! ಹೌದು, ನೀ ಅಂಧೇರಿ ಸ್ಟೇಷನ್ ತನಕ ಓಡಿಸಿ ನೋಡಿದಿ. ಹೊಸ ಸೊಸಿ ಹಂಗ ಬಾಯಿ ಬಿಡಲಿಲ್ಲ. ಅದ ಮತ್ತ ಮಜಾ! ನೀ ಕೂತ್ರ ಸುಮ್ಮ. ಈ ನಿಂಗಣ್ಣ ಕೂತ್ರ ಎಂಜಿನ್ ಗರ್ರ್ ಅಂತ ರೇಸ್ ಹಿಡೀತದ! ಮನ್ಯಾಗ ನಮ್ಮ ದಾನವ್ವಂದೂ ಹಿಂಗ... ಮಂದಿ ಮುಂದ ಬಂಗಾರ, ಗಂಡನ್ನ ನೋಡಿದ್ರ ಶುರು. ನನ್ನ ಮಾರಿಯೊಳಗ ಏನೋ ಅದ, ಬಿಡು.

ಮುಂಜಾನಿ ಏನಾತು ಗೊತ್ತೇನು? ಘಾಟ್ಕೋಪರ್ ಸ್ಟೇಷನ್ ಹೊರಗ ನಿಲ್ಲಿಸಬೇಕಂತ ಎಕ್ಸಿಲೇಟರ್ ಮ್ಯಾಲಿಂದ ಕಾಲು ತಗದೆ. ತಗದೆನೋ! ಗಾಡಿ ನಿಲ್ಲಬೇಕಲ್ಲ? ಮುಂದ ಜಿಗೀತು. ಭಾಜಿ ಮಾರೋ ಮುದುಕಿ ಸರದಳು, ಪುಣ್ಯಾ, ಸರದಳು! ಬುಟ್ಟಿ ಅಷ್ಟೇ ಚಪಾತಿ ಆತು. ಮರಾಠಿಯೊಳಗ ನಮ್ಮ ಮುತ್ಯಾನ ತನಕ ಬೈದಳು. ನಾ ಒಳಗ ಕೈ ಮುಗಕೊಂಡು ಕೂತೀನಿ, ಗಾಡಿ ಆಕಿಗೇ ತಿರುಗಿ ಬೈಲಿಕ್ಕತ್ತದ! ನೋಡಿದವರೆಲ್ಲ ನಕ್ಕರು. ನನಗ ಮಾತ್ರ... ನಗು ಬರಲಿಲ್ಲ, ಪರಪ್ಪಾ. ಆಕಿ ಸರೀಲಿಕ್ಕೆ ಒಂಚೂರು ತಡ ಮಾಡಿದ್ರ?

ಅದಕ್ಕ ಪೆಡಲ್ ಹಿಂದಕ್ಕ ಎಳಿಯೋ ಸ್ಪ್ರಿಂಗ್ ನೋಡು ಅಂದೆ. ಏನು ಕೈ ಆಡಸ್ತಿ? ಹೊಸಾದು ಹಾಕಿದೇನು? ಕಾರ್ಬೊರೇಟರ್? ಅದನ್ನೂ ಬಿಚ್ಚಿ ತೊಳದಿ... ಹಂಗಾರ ಪೆಡಲಿಂದ ಎಂಜಿನ್ನಿಗೆ ಹೋಗೋ ತಂತಿ ಎಲ್ಲೋ ಸಿಕ್ಕೊಳ್ತದ. ಅದೂ ಅಲ್ಲ?! ಮಹಾ ಶಾಣ್ಯಾ ಬಂದಿ! ಗಾಡಿಯೊಳಗ ಏನೂ ಇಲ್ಲಂದ್ರ ದೆವ್ವ ಒತ್ತತದೇನು?

ಕೆಳಗ ಏನು ನೋಡ್ತಿ? ಚಪ್ಪಲಿ? ಹೌದು, ಎರಡೂ ಒಂದ ಜೋಡಿ ಅಲ್ಲ. ಬಲಗಾಲಿಂದು ಮೋಚಿ ಕೊಟ್ಟದ್ದು. ಮೊನ್ನೆ ಲೋಕಲ್ ರೈಲು ಇಳದು ಚಾಳಿನ ಮನೀಗೆ ಬಂದೆ. ದಾನವ್ವ ಬಾಗಲಾಗ ನಿಂತು, "ಒಂದು ಚಪ್ಪಲಿ ಎಲ್ಲಿ ಬಿಟ್ರಿ?" ಅಂತಾಳ. ನೋಡ್ಕೋತೀನಿ... ಬಲಗಾಲು ಬರಿಗಾಲು! ಸ್ಟೇಷನ್ನಿಂದ ಹಂಗ ನಡಕೊಂಡು ಬಂದೀನಿ! ಆಕಿ ಬಿದ್ದು ಬಿದ್ದು ನಕ್ಕಳು. ನಾನೂ ನಕ್ಕೆ. ಧ್ಯಾನ ಎಲ್ಲೋ ಇತ್ತು ಅಂದೆ. ಡ್ರೈವರನ ತಲಿ, ಟ್ರಾಫಿಕಿನ್ಯಾಗ ಇರ್ತದ... ಈಗ ಯಾಕ ನಗವಲ್ಲಿ? ನಗೋ ಮಾತಿಗೆ ನಗಂಗಿಲ್ಲ ನೋಡು ನೀ.

ಆತು, ಬಾಗು. ಪೆಡಲ್ ಹತ್ರಾನೇ ಬಾಗಿ ನೋಡು. ನಿನ್ನ ತಲಿ ಅಡ್ಡ ಬಂತು, ನನಗೇನೂ ಕಾಣವಲ್ದು, ಇರಲಿ. ಚಾಲೂ ಮಾಡ್ಲಾ? ತಗೋ. ಒತ್ತಲಾ? ಒತ್ತಿದೆ. ಬಿಡಲಾ? ಬಿಟ್ಟೆ... ಬಿಟ್ಟೀನಲ್ಲೋ! ಕೇಳು, ಕೇಳು, ಇನ್ನೂ ಹೆಂಗ ಒದರ್ತದ! ಈಗರ ನಂಬಿದೇನು? ಕಾಲು ತಗದು ಎಷ್ಟೊತ್ತಾತು, ಆದ್ರೂ... ಏ, ಚಾವಿ ಯಾಕ ತಿರುವಿದಿ?

ಪರಪ್ಪಾ? ಗಾಡಿ ಮಾಲಕ ಶೇಟ್‌ಗ ಹೋಗಿ ಏನಾರ ಹೇಳಿಗೀಳಿ... ಟ್ಯಾಕ್ಸಿ ಬ್ಯಾರೆಯವಗ ಕೊಟ್ಟುಬಿಡ್ತಾನವ. ಟ್ರಾಮ್ ಬಂದ್ ಆದ ವರ್ಷದಿಂದ ಇದನ್ನ ಓಡಿಸೀನಿ, ಬ್ಯಾರೆ ಏನು ಬರ್ತದ ನನಗ? ಕಾಲಿಗೆ ಏನೂ ಆಗಿಲ್ಲ! ಕಾಲಿನ ಮಾತು ಯಾರು ತಗದರು? ನೀ ತಗದಿಲ್ಲ... ನಾನ ತಗದೆ. ಬರೇ ಜೋಮು, ಅಷ್ಟೇ. ಕೂತು ಕೂತು ಹಿಡೀತದ, ಎಲ್ಲಾ ಡ್ರೈವರಿಗೂ...

ಎಷ್ಟೊತ್ತು ಆ ಪೆಡಲ್ ಹಿಡಕೊಂಡು ಕೂಡ್ತಿ? ಏಳು. ಏನು, ಪೆಡಲ್ ಅಲ್ಲ? ತಲಿ ಸರಿಸು, ನೋಡ್ತೀನಿ.

...ಅದು ನನ್ನ ಹೆಬ್ಬೆರಳು, ಕಾಲು ಇನ್ನೂ ಪೆಡಲ್ ಮ್ಯಾಲೇ ಅದ.

ಉಗುರು ಊರೀದಿ. ಗುರುತು ಮೂಡ್ಯಾವಲ್ಲೋ... ಯಾವಾಗಿಂದ ಹಿಡದಿ? ಬ್ಯಾಡ, ಹೇಳಬ್ಯಾಡ. ಅಂಜಿಕಿ ಬರ್ತದ ನನಗ. ತಡಿ, ಕಣ್ಣು ಮುಚ್ತೀನಿ. ಈಗ ಬಿಡು, ನನಗ ಗೊತ್ತಾಗ್ತದೇನು ನೋಡೋಣ.

ಬಿಟ್ಟಿಯೇನು?

ಪರಪ್ಪಾ... ಬಿಟ್ಟೀಯೋ, ಇನ್ನೂ ಹಿಡದೀಯೋ?