ಬಣ್ಣ ಹೋದ ನೀರು

ನೀರು ಪರೀಕ್ಷಿಸುವ ಪ್ರಯೋಗಾಲಯದ ಕಿಟಕಿಯ ಮುಂದೆ ಸಾಲಿನಲ್ಲಿದ್ದೆ. ನನ್ನ ಮುಂದಿದ್ದ ಅಕ್ಕ-ತಮ್ಮ ಪಿಸುಗುಟ್ಟುತ್ತಿದ್ದರು. ಪಿಸುಮಾತಾದ್ದರಿಂದ ಒಂದಕ್ಷರವೂ ತಪ್ಪದೆ ಕೇಳಿಸಿತು. ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯಲ್ಲಿ ಹೊಲಸು ನೀರಿನ ತೊಟ್ಟಿ ನೋಡಿಕೊಳ್ಳುವುದು ತಮ್ಮನ ಕೆಲಸವಂತೆ.

“ತೊಟ್ಟಿಗೆ ಬ್ಲೀಚಿಂಗ್ ಪೌಡರ್ ಸುರಿದ್ಯಾ? ಬಣ್ಣ ತಿನ್ನೋ ಸೂಕ್ಷ್ಮಜೀವಿ ಸಾಕಿದ್ದು ಅದ್ರಲ್ಲೇ ಅಲ್ವೇನೋ?”

“ಸಾಹೇಬ್ರು ನೋಡೋಕೆ ಬರ್ತಾರೆ ಅಂದ್ರು. ಲೋಳೆ ಲೋಳೆಯಾಗಿತ್ತು. ಸ್ವಲ್ಪ ಚೊಕ್ಕ ಮಾಡೋಣ ಅಂತ...”

“ಮನೇಲಿ ಒಂದಿನ ಲೋಟ ತೊಳೆದವನಲ್ಲ, ಅಲ್ಲಿ ಚೊಕ್ಕ ಮಾಡೋಕೆ ಹೋದ್ಯಾ!”

“ಎಲ್ಲಾ ಸತ್ತೋದ್ವು ಅಕ್ಕ. ಆದ್ರೆ ಬ್ಲೀಚಿಗೆ ಬಣ್ಣಾನೂ ಹೋಯ್ತು. ನೀರು ಕನ್ನಡಿ ಹಾಗಾಯ್ತು. ಸಾಹೇಬ್ರು ಬೆನ್ನು ತಟ್ಟಿ ಹೋದ್ರು.”

“ಮತ್ತೆ ಈ ಬಾಟಲೀಲಿ ನೀರು ತುಂಬ್ಕೊಂಡು ಬಂದಿದ್ಯಾಕೆ?”

“ಬಣ್ಣ ಕಾಣಲ್ಲ ಅಷ್ಟೆ. ವಿಷ ಇದ್ದೇ ಇದೆ, ಹೆಚ್ಚಾಗಿದ್ರೂ ಆಗಿರ್ಬಹುದು. ಆ ನೀರೇ ಕಾಲುವೆಗೆ ಹೋಗ್ತಿದೆ.”

“ಆ ಕಾಲುವೆ ನೀರು ಯಾರು ಕುಡೀತಾರೋ?”

“ಕೆಂಪಗಿದ್ದಾಗ ಯಾರೂ ಮುಟ್ತಿರ್ಲಿಲ್ಲ.”

ಅಕ್ಕ ಥಟ್ಟನೆ ಅವನ ತೋಳು ಹಿಡಿದಳು.

“ಬೆಳಿಗ್ಗೆ ನಿನ್ನ ಹೆಂಡ್ತಿ ಫೋನ್ ಮಾಡಿದ್ಲು ಕಣೋ. ನಲ್ಲೀಲಿ ನೀರು ಬಂದಿಲ್ಲ ಅತ್ತಿಗೆ, ಕಾಲುವೆ ಈಗ ಎಷ್ಟು ತಿಳಿಯಾಗಿದೆ ಗೊತ್ತಾ, ಎರಡು ಕೊಡ ತಂದೆ ಅಂದ್ಲು.”

“ಪಾಪೂಗೆ ಕುಡಿಸಿದ್ಲಂತಾ?”

“ನಾನೇನು ಕಂಡೆ? ಕೇಳು ಮೊದ್ಲು!”

“ಫೋನ್ ಎತ್ತುತ್ತಿಲ್ಲ ಅಕ್ಕ. ಎತ್ತುತ್ತಿಲ್ಲ.”

“ನಡಿ, ನಡಿ!”

ತಂದಿದ್ದ ಬಾಟಲಿಯನ್ನು ಕಿಟಕಿಯ ಕಟ್ಟೆಯ ಮೇಲೇ ಬಿಟ್ಟು ಇಬ್ಬರೂ ಬೀದಿಗೆ ಓಡಿದರು. ಒಳಗಿದ್ದ ಗುಮಾಸ್ತ ಅದನ್ನೆತ್ತಿ ಬೆಳಕಿಗೆ ಹಿಡಿದ.

“ಯಾರದ್ದಿದು? ನೀರು ಚೆನ್ನಾಗೇ ಇದೆಯಲ್ಲ!”